ವೆಲ್‌ನೆಸ್ ರೂಮಿಗೆ ಕಿಟಕಿ ಎಲ್ಲಿ?

ಎರಡು ತಿಂಗಳಿಂದ ನಮ್ಮ ಶನಿವಾರಗಳೆಲ್ಲ ಬೆಂಗಳೂರಿನಲ್ಲಿ ಮನೆ ನೋಡೋದ್ರಲ್ಲೇ ಹೋಗ್ತಿವೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಆಲೂರಿನ ಮನೇಲಿ ಒಬ್ಬಳೇ. ಮಂಡಿನೋವು ಬೇರೆ. ಕರ್ಕೊಂಡು ಬರೋಣ ಅಂದ್ರೆ ಈಗಿನ ಬಾಡಿಗೆ ಮನೇಲಿ ಅವಳಿಗೆ ಕಾಲು ಚಾಚೋಕೂ ಜಾಗ ಇಲ್ಲ. ಹಾಗಾಗಿ ಹೋದ ತಿಂಗಳು ಅವಳನ್ನೂ ಕೂರಿಸ್ಕೊಂಡು ಒಂದು ಫ್ಲಾಟ್ ನೋಡೋಕೆ ಹೋಗಿದ್ವಿ. ಬ್ರೋಷರ್‌ನಲ್ಲಿ ದೊಡ್ಡದಾಗಿ ಹಾಕಿದ್ದರು: ಮೂರು ಬೆಡ್‌ರೂಮು, ಜೊತೆಗೆ ಒಂದು ವೆಲ್‌ನೆಸ್ ರೂಮ್. ಚಿತ್ರದಲ್ಲಿ ಬಿಳಿ ಬಟ್ಟೆ ತೊಟ್ಟ ಹೆಣ್ಣುಮಗಳೊಬ್ಬಳು ಪದ್ಮಾಸನ ಹಾಕಿ ಕೂತಿದ್ದಾಳೆ. ಪಕ್ಕದಲ್ಲಿ ಬಿದಿರಿನ ಕುಂಡ, ಮೈಮೇಲೆ ಎಳೆಬಿಸಿಲು.

ಹೋಗಿ ನೋಡಿದ್ರೆ ಅಡುಗೆಮನೆ ಪಕ್ಕದಲ್ಲಿ ಎಂಟಡಿಗೆ ಏಳಡಿ ಕೋಣೆ. ಕಿಟಕಿ ಇಲ್ಲ. ಮೇಲೆ ಪೈಪುಗಳನ್ನ ಮುಚ್ಚೋಕೆ ಫಾಲ್ಸ್ ಸೀಲಿಂಗ್. ಅವ್ವ ಒಳಗೆ ಹೋಗಿ ಗೋಡೆ ಮುಟ್ಟಿ ನೋಡಿದಳು. 'ಅಕ್ಕಿ ಮೂಟೆ ಇಡಕೆ ಚೆನ್ನಾಗೈತೆ ಕಣಪ್ಪ' ಅಂದಳು. ಆಮೇಲೆ ನಾನು ಮಂಜೂರಾದ ನಕ್ಷೆ ಕೇಳಿ ತರಿಸಿಕೊಂಡೆ. ಅದರಲ್ಲಿ ಆ ಕೋಣೆಗೆ ಬರೆದಿದ್ದ ಹೆಸರು 'ಸ್ಟೋರ್'. ನಕ್ಷೆ ಓದೋಕೆ ಬಾರದ ಅವ್ವ ಗೋಡೆ ಮುಟ್ಟಿಯೇ ಹೇಳಿದ್ದಳು.

ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಜನ ವಾಸ ಮಾಡೋ ಕೋಣೆ ಅಂದ್ರೆ ಎತ್ತರ ಕನಿಷ್ಠ 2.75 ಮೀಟರ್ ಇರಬೇಕು. ಮನೇಲಿ ಒಂದೇ ಕೋಣೆ ಇದ್ರೆ ಅದು 9.5 ಚದರ ಮೀಟರ್, ಎರಡಿದ್ರೆ ಎರಡನೆಯದು 7.5 ಆದರೂ ಇರಬೇಕು. ಗಾಳಿ ಬೆಳಕಿಗೆ ದಾರಿ ಇರಬೇಕು. ನಾವು ನೋಡಿದ ಕೋಣೆ 5.2 ಚದರ ಮೀಟರ್. ಮನುಷ್ಯ ಮಲಗೋಕೆ ಸಾಲದ ಕೋಣೆ, ಮನುಷ್ಯ ಆರೋಗ್ಯ ಸಂಪಾದಿಸೋಕೆ ಸಾಕಂತೆ! ದೀರ್ಘವಾಗಿ ಉಸಿರೆಳೆದುಕೊಳ್ಳಿ ಅಂತ ಹೇಳೋ ಜಾಗಕ್ಕೇ ಗಾಳಿ ಬರಲ್ಲ.

ಇದನ್ನ ಹೇಳಿದಾಗ ಫ್ಲಾಟ್ ತೋರಿಸ್ತಿದ್ದ ಹುಡುಗ 'ಧ್ಯಾನಕ್ಕೆ ಕತ್ತಲೆ ಒಳ್ಳೇದು ಸರ್' ಅಂದ. ಪಾಪ, ಅವನ ಪರವಾಗಿ ಒಂದು ಗ್ರಂಥವೂ ಇದೆ. 15ನೇ ಶತಮಾನದ ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯಲ್ಲಿ ಸಾಧಕನ ಕುಟೀರ ಹೇಗಿರಬೇಕು ಅಂತ ಹೇಳಿದೆ. ಬಾಗಿಲು ಸಣ್ಣದಿರಬೇಕು, ಕಿಂಡಿ ರಂಧ್ರಗಳು ಇರಬಾರದು, ಸಗಣಿ ಸಾರಿಸಿರಬೇಕು, ಹುಳಹುಪ್ಪಟೆ ಇರಬಾರದು. ಆದರೆ ಅದೇ ಶ್ಲೋಕ ಹೊರಗೆ ಮಂಟಪ, ಜಗಲಿ, ಬಾವಿ ಬೇಕು ಅಂತಲೂ ಹೇಳುತ್ತೆ. ಕತ್ತಲೆ ಕುಟೀರದಿಂದ ಎದ್ದು ಬಂದವನಿಗೆ ಬಯಲು ಕಾದಿರುತ್ತಿತ್ತು. ನಮ್ಮ ಫ್ಲಾಟ್‌ನವನು ಎದ್ದು ಬಂದ್ರೆ ಸಿಗೋದು ವಾಷಿಂಗ್ ಮೆಷಿನ್ನು.

ಕೋಣೆ ಚಿಕ್ಕದು ಅನ್ನೋದಷ್ಟೇ ನನ್ನ ತಕರಾರಲ್ಲ. ನಮ್ಮ ಹಾಸನದ ಪಕ್ಕದ ಕೌಶಿಕದಲ್ಲಿ ಹುಟ್ಟಿದ ಪಟ್ಟಾಭಿ ಜೋಯಿಸರನ್ನೇ ನೋಡಿ. 1927ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಹಾಸನದಲ್ಲೇ ಕೃಷ್ಣಮಾಚಾರ್ಯರ ಯೋಗ ಪ್ರದರ್ಶನ ನೋಡಿ ಅದಕ್ಕೇ ಅಂಟಿಕೊಂಡವರು. ಮೈಸೂರಿನ ಲಕ್ಷ್ಮೀಪುರಂನ ತಮ್ಮ ಮನೇಲಿ ಅವರು ದಶಕಗಳ ಕಾಲ ಪಾಠ ಮಾಡಿದ ಕೋಣೆಯಲ್ಲಿ ಒಂದು ಸಲಕ್ಕೆ ಹತ್ತು ಹನ್ನೆರಡು ಜನ ಹಿಡಿಸಿದ್ರೆ ಹೆಚ್ಚು. ಉಳಿದವರು, ಹೊರದೇಶದಿಂದ ಬಂದವರೂ, ತಮ್ಮ ಸರದಿಗೆ ಹೊರಗೆ ಕಾಯ್ತಿದ್ದರು. ಆ ಕೋಣೆಯಲ್ಲಿ ಬೆಳಗಿನ ಜಾವ ನಡೀತಿದ್ದದ್ದು ಒಂದೇ ಕೆಲಸ. ಈ ಕೋಣೆಯಲ್ಲಾದರೆ ಆರು ತಿಂಗಳಲ್ಲಿ ಸೂಟ್‌ಕೇಸು, ಹಳೇ ಮಾನಿಟರ್ ಡಬ್ಬ, ಒಣಗದ ಬಟ್ಟೆ ಬಂದು ಕೂರುತ್ತವೆ. ಹೇಗೂ ಅದು ಹುಟ್ಟಿದ್ದೇ ಸ್ಟೋರ್ ಆಗಿ.

ಇಲ್ಲಿಗೆ ನಿಲ್ಲಿಸಿ 'ನಮ್ಮ ಅಜ್ಜಿ ಮನೆ ಇಡೀ ವೆಲ್‌ನೆಸ್ ರೂಮೇ ಆಗಿತ್ತು' ಅಂತ ಮುಗಿಸಬಹುದಿತ್ತು. ಅಂಥದ್ದನ್ನ ನಾನೂ ಬರೆದಿದ್ದೀನಿ. ತಂಪು ಜಗಲಿ, ಬಚ್ಚಲಿನ ತಾಮ್ರದ ಹಂಡೆ, ನೀರು ತುಂಬೋ ಹಬ್ಬದ ಮಾರನೇ ದಿನದ ಎಣ್ಣೆನೀರು, ಸೀಗೆಪುಡಿ ವಾಸನೆ. ಆದ್ರೆ ಜಗಲಿ ಮೇಲೆ ಕೂರ್ತಿದ್ದವರು ಯಾರು? ಅಪ್ಪ, ದೊಡ್ಡಪ್ಪ, ಬಂದ ನೆಂಟರು. ಅವ್ವ ಅಲ್ಲಿ ಕೂತಿದ್ದನ್ನ ನಾನು ನೋಡಿಲ್ಲ. ಅವಳಿಗೆ ಹೊಗೆ ತುಂಬಿದ ಒಲೆ, ಕೊಟ್ಟಿಗೆ, ಗದ್ದೆ, ಶುಂಠಿ ಹೊಲ.

ಅವಳನ್ನ ಊರಿಗೆ ಬಿಡೋಕೆ ಹೋಗುವಾಗ ಕಾರಲ್ಲಿ ಕೇಳಿದೆ, 'ನಮ್ಮನೇಲಿ ನೀನು ಆರಾಮಾಗಿ ಕೂತ್ಕತಿದ್ದ ಜಾಗ ಯಾವುದವ್ವ?' ನೆಲಮಂಗಲ ದಾಟೋವರೆಗೂ ಮಾತಾಡಲಿಲ್ಲ. ಆಮೇಲೆ ಹೇಳಿದಳು: 'ಬಚ್ಚಲು. ಅಗಳಿ ಹಾಕ್ಕಂಡ್ರೆ ಯಾರೂ ಕರೀತಿರಲಿಲ್ಲ.'

ನಲವತ್ತು ವರ್ಷ ದುಡಿದ ಮನೇಲಿ ಅವಳಿಗೆ ಅಂತ ಇದ್ದದ್ದು ವಾರಕ್ಕೊಂದು ಸಲ, ಹಂಡೆ ನೀರು ಮುಗಿಯೋವರೆಗಿನ ಹೊತ್ತು. ಅಷ್ಟು ದೊಡ್ಡ ತೊಟ್ಟಿಮನೆಯೂ ಅವಳ ಪಾಲಿಗೆ ಎಂಟಡಿಗೆ ಏಳಡಿಯೇ.

ಈಗ ಅದೂ ಕಷ್ಟ. ಡಾಕ್ಟರು ಬೆಳಗ್ಗೆ ವಾಕಿಂಗ್ ಮಾಡಿ ಅಂತಾರೆ. ನಮ್ಮ ಕಡೆ ಆನೆ ಯಾವ ತೋಟದಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರೋ ಕಾಲ. ನಸುಕಿನಲ್ಲಿ ಅಂಗಳ ದಾಟೋಕೂ ಯೋಚನೆ ಮಾಡಬೇಕು. ಮಳೆಗಾಲದಲ್ಲಂತೂ ಮೂರು ತಿಂಗಳು ಒಳಗೇ. ಅಂದ್ರೆ ಮೈಕೈ ಆಡಿಸೋಕೆ ಮನೆಯೊಳಗೆ ಜಾಗ ಬೇಕು ಅನ್ನೋದು ಬರೀ ಪೇಟೆಯವರ ಶೋಕಿ ಅಲ್ಲ, ಆಲೂರಿನವರಿಗೂ ಬೇಕಾದದ್ದೇ. ಅದನ್ನ ಚಿತ್ರ ತೋರಿಸಿ ಮಾರೋದ್ರ ಮೇಲೆ ನನ್ನ ಸಿಟ್ಟು.

ಹಾಗಾಗಿ ಈಗ ಮನೆ ನೋಡೋಕೆ ಹೋದಾಗ ಕೋಣೆಯ ಹೆಸರು ಕೇಳಲ್ಲ. ಒಂದು ಚಾಪೆ ಒಯ್ತೀನಿ. ಹಾಸಿ ಮಲಗಿ ಎರಡೂ ಕೈ ಅಗಲಕ್ಕೆ ಚಾಚಿದ್ರೆ ಗೋಡೆ ತಾಗಬಾರದು. ನಿಂತು ಕೈ ಎತ್ತಿದ್ರೆ ಫ್ಯಾನ್ ಸಿಗಬಾರದು. ಬೆಳಗ್ಗೆ ಏಳಕ್ಕೆ ಹೋಗಿ ಬಿಸಿಲು ಎಲ್ಲಿ ಬೀಳುತ್ತೆ ನೋಡ್ತೀನಿ, ಜೋರು ಮಳೆಯಾದ ಮಾರನೇ ದಿನ ಇನ್ನೊಂದು ಸಲ ಹೋಗಿ ಗೋಡೆ ಮೂಲೇಲಿ ಬೂಷ್ಟಿನ ವಾಸನೆ ಇದೆಯಾ ನೋಡ್ತೀನಿ. ಬಚ್ಚಲಲ್ಲಿ ಒಂದು ಸ್ಟೂಲ್ ಹಾಕಿ ಕೂತು ಎಣ್ಣೆ ಹಚ್ಚಿಕೊಳ್ಳೋಕೆ ಜಾಗ ಇದೆಯಾ, ಎಣ್ಣೆಕಾಲಿಗೆ ನೆಲ ಜಾರುತ್ತಾ, ಗೋಡೆಗೆ ಹಿಡಿ ಕೂರಿಸಬಹುದಾ? ಕೋಣೆ ಇನ್ನೊಂದು ಕೋಣೆಗೆ ದಾರಿ ಆಗಿರಬಾರದು. ಎಲ್ಲಕ್ಕಿಂತ ಮುಖ್ಯ, ಒಳಗಿಂದ ಅಗಳಿ ಇರಬೇಕು.

ಮೊನ್ನೆ ಇನ್ನೊಂದು ಫ್ಲಾಟ್ ನೋಡಿದ್ವಿ. ವೆಲ್‌ನೆಸ್ ರೂಮ್ ಇಲ್ಲ. ಮೂರನೇ ಬೆಡ್‌ರೂಮು ಹತ್ತಡಿಗೆ ಹತ್ತಡಿ, ಪೂರ್ವಕ್ಕೆ ಕಿಟಕಿ. ಮೇಲಿನ ಪರೀಕ್ಷೆಯಲ್ಲೆಲ್ಲ ಪಾಸು. ತೊಂದರೆ ಒಂದೇ, ಅದು ನಾನು ವರ್ಕ್ ಫ್ರಮ್ ಹೋಮ್‌ಗೆ ಅಂತ ಮನಸ್ಸಲ್ಲೇ ಕಾದಿರಿಸಿದ್ದ ಕೋಣೆ. ಎರಡು ಮಾನಿಟರ್, ಬಾಗಿಲು ಹಾಕ್ಕೊಂಡು ಕಾಲ್. ನಮ್ಮ ಮನೆಯ ಜಗಲಿ ಅದೇ, ಕೂರೋನು ನಾನು.

ಬೆಳಗ್ಗೆ ಒಂದು ಗಂಟೆ ಅವ್ವಂಗೆ, ಸಂಜೆ ಒಂದು ಗಂಟೆ ನನ್ನ ಹೆಂಡತಿಗೆ ಅಂತ ಮಾತಾಗಿದೆ. ನನ್ನ ಟೇಬಲ್ ಹಾಲ್‌ಗೆ ಬರಬೇಕಂತೆ. ಹೆಂಡತಿ ಅದರ ಅಳತೆಯನ್ನೂ ತಗೊಂಡಾಯ್ತು.