ಕಥೆ ತಿಂದವಳು, ಕಥೆಗಾರ್ತಿಯನ್ನು ತಿಂದವನು

ಶಾಲೆಯಂಗಳದ ಬಿಳಿ ಮ್ಯಾಗ್ನೋಲಿಯಾ ಮರದ ಕೆಳಗೆ ಎರಡು ಉದ್ದ ಜಡೆಯ ಹುಡುಗಿಯೊಬ್ಬಳು ಪುಸ್ತಕ ಓದುತ್ತ ಕೂತಿದ್ದಾಳೆ. ಓದಿದ ಪುಟದಿಂದ ಚೂರು ಹರಿಯುತ್ತಾಳೆ, ಬಾಯಿಗೆ ಹಾಕಿಕೊಂಡು ಸುಖವಾಗಿ ಅಗಿಯುತ್ತಾಳೆ. ದಾರಿಹೋಕ ಹುಡುಗನೊಬ್ಬ ಅದನ್ನು ಕಂಡುಬಿಡುತ್ತಾನೆ. ಗುಟ್ಟು ತಿಳಿದವನನ್ನು ಹಾಗೇ ಬಿಡುವುದುಂಟೇ? ತನ್ನ ಸಾಹಿತ್ಯ ಕೂಟಕ್ಕೆ ಎಳೆದು ಸೇರಿಸಿಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಅವಳ ಸಂಜೆಯ ತಿಂಡಿಗೆ ಕಥೆ ಬರೆದುಕೊಡುವುದೇ ಅವನ ಕೆಲಸ.

2010ರ ಮೇ ತಿಂಗಳಲ್ಲಿ ಜಪಾನಿನಲ್ಲಿ ತೆರೆಕಂಡ ‘ಬುಂಗಾಕು ಶೋಜೊ’ ಎಂಬ ಆನಿಮೆ ಚಿತ್ರದ ಮೊದಲ ಮಾತು ಇದು. ಸಾಹಿತ್ಯದ ಹುಡುಗಿ ಎನ್ನಬಹುದು. ನಿರ್ದೇಶಕ ಷುನ್ಸುಕೆ ತಾದಾ, ತಯಾರಿಸಿದ ಸಂಸ್ಥೆ ಪ್ರೊಡಕ್ಷನ್ ಐ.ಜಿ. ಮೂಲ ಮಿಜುಕಿ ನೊಮುರಾ 2006ರಿಂದ ಬರೆದ ಕಾದಂಬರಿಮಾಲೆ. ಹದಿಹರೆಯದವರಿಗಾಗಿ ಅಲ್ಲಿ ‘ಲೈಟ್ ನಾವೆಲ್’ ಎಂಬ ಹೆಸರಿನಲ್ಲಿ ಬರುವ ಪುಸ್ತಕಗಳ ಜಾತಿ. ಈ ಮಾಲೆಯ ಪ್ರತಿ ಕಂತೂ ಒಂದು ಹಳೆಯ ಕೃತಿಯನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುತ್ತದೆ: ಮೊದಲನೆಯದಕ್ಕೆ ಒಸಾಮು ದಜಾಯಿ, ಎರಡನೆಯದಕ್ಕೆ ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’, ಕೊನೆಗೆ ಆಂದ್ರೆ ಜೀದ್. ಚಿತ್ರ ಕೈಗೆತ್ತಿಕೊಂಡದ್ದು ಐದನೆಯ ಕಂತು. ಅದರ ಬೆನ್ನಿಗಿರುವುದು ಕೆಂಜಿ ಮಿಯಾಜಾವಾನ ‘ಕ್ಷೀರಪಥದ ರೈಲಿನ ರಾತ್ರಿ’.

ಹೀಗೆ ನಡುವಿನಿಂದ ಶುರುಮಾಡಿದ್ದರ ಪೆಟ್ಟು ಚಿತ್ರಕ್ಕೆ ಬಿದ್ದೇ ಬಿದ್ದಿದೆ. ಚಿಯಾ ತಾಕೆದಾ ಎಂಬ ಹುಡುಗಿ ಬರುತ್ತಾಳೆ, ಹೋಗುತ್ತಾಳೆ. ಹಿಂದಿನ ಕಂತುಗಳನ್ನು ಓದದವರಿಗೆ ಅವಳು ಯಾರೋ, ಯಾಕೆ ಹಾಗೆ ನೋಡುತ್ತಾಳೋ ತಿಳಿಯದು. ಸಹಪಾಠಿ ಅಕುತಾಗಾವಾನ ಗತಿಯೂ ಅಷ್ಟೆ. ಅದೇ ವರ್ಷ ಮೂರು ಕಿರುಚಿತ್ರಗಳನ್ನು ಹೊರತಂದು ಮೂವರು ಹುಡುಗಿಯರ ಹಿಂದುಮುಂದನ್ನು ತುಂಬಿಕೊಟ್ಟರು. ತುಂಬಿಕೊಡಬೇಕಾಗಿ ಬಂತೆಂಬುದೇ ಕೊರತೆಯ ಸಾಕ್ಷಿ. ಚಿತ್ರಗಾರಿಕೆಯೂ ಅಸಾಧಾರಣವೇನಲ್ಲ. ಮೂಲ ಪುಸ್ತಕಗಳಿಗೆ ಮಿಹೋ ತಾಕೇವೊಕಾ ಬರೆದ ಚಿತ್ರಗಳ ತೆಳುಬಣ್ಣದ ನವಿರು ತೆರೆಯ ಮೇಲೆ ಎಷ್ಟೋ ಕಡೆ ಸಪ್ಪೆಯಾಗಿದೆ. ಇಷ್ಟಾದರೂ ಈ ಚಿತ್ರವನ್ನು ಎತ್ತಿಕೊಂಡು ಮಾತಾಡಬೇಕೆನಿಸುವುದು ಬೇರೆ ಕಾರಣಕ್ಕೆ. ಬರೆಯುವವರಿಗೂ ಓದುವವರಿಗೂ ನಡುವೆ ನಡೆಯುವ ಒಂದು ಹಿಂಸೆಯ ಮೇಲೆ ಇದು ಬೆರಳಿಟ್ಟಿದೆ.

ಹುಡುಗನ ಹೆಸರು ಕೊನೋಹಾ ಇನೋಯೆ. ಸಾಧಾರಣ ಹುಡುಗ, ಹಾಗೆ ಕಾಣಬೇಕೆಂದು ಹಟ ಹಿಡಿದಿರುವ ಹುಡುಗ. ಅವನಿಗೊಂದು ಹಿಂದಿನ ಜನ್ಮವಿದೆ. ಹದಿನಾಲ್ಕರ ವಯಸ್ಸಿಗೆ ಒಂದು ಕಾದಂಬರಿ ಬರೆದು ಪ್ರಶಸ್ತಿ ಪಡೆದು, ಮುಖ ತೋರಿಸದ ಬಾಲಪ್ರತಿಭೆಯೆಂದು ದೇಶವೆಲ್ಲ ಕೊಂಡಾಡಿದ ‘ಮಿಯು ಇನೋಯೆ’ ಇವನೇ. ಲೇಖಕಿ ಒಬ್ಬ ಹುಡುಗಿಯೆಂದೇ ಎಲ್ಲರ ನಂಬಿಕೆ. ಕಾವ್ಯನಾಮದ ‘ಇನೋಯೆ’ ಅವನದು, ‘ಮಿಯು’ ಅವನ ಗೆಳತಿ ಮಿಯು ಅಸಾಕುರಾಳದು. ಚಿಕ್ಕಂದಿನಿಂದ ಅವಳು ಕಥೆ ಕಟ್ಟಿ ಹೇಳುತ್ತಿದ್ದಳು, ಇವನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದ. ದೊಡ್ಡ ಲೇಖಕಿಯಾಗುವವಳು ಅವಳು ಎಂಬುದು ಇಬ್ಬರಲ್ಲೂ ತೀರ್ಮಾನವಾಗಿದ್ದ ಸಂಗತಿ. ಪ್ರಶಸ್ತಿ ಇವನಿಗೆ ಬಂತು. ಅದಾದ ಮೇಲೆ ಒಂದು ದಿನ, ನಿನಗೆ ಇದು ಅರ್ಥವಾಗಲಿಕ್ಕಿಲ್ಲ ಎಂಬರ್ಥದ ಒಂದು ಮಾತಾಡಿ, ಅವಳು ಅವನ ಕಣ್ಣೆದುರೇ ಶಾಲೆಯ ಮಹಡಿಯಿಂದ ಹಾರಿದಳು. ಸಾಯಲಿಲ್ಲ. ಅಂದಿನಿಂದ ಅವನ ಲೇಖನಿ ನಿಂತಿತು. ಆ ನೆನಪು ತಟ್ಟಿದರೆ ಉಸಿರು ಸಿಕ್ಕಿಹಾಕಿಕೊಂಡು ಕುಸಿಯುತ್ತಾನೆ.

ಆ ಹೆಸರಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಹುಡುಗನ ಲೆಕ್ಕದಲ್ಲಿ ಅದು ಪ್ರೇಮದ ಕಾಣಿಕೆ. ಕಾದಂಬರಿಯೇ ಅವಳಿಗೆ ಬರೆದ ಒಲವಿನ ಓಲೆ. ಅದರ ಮೇಲೆ ಅವಳ ಹೆಸರಿಟ್ಟರೆ ತಪ್ಪೇನು? ಅವಳ ಕಡೆಯಿಂದ ನೋಡಿ. ಹೇಳಲು ತನ್ನಲ್ಲಿ ಕಥೆ ಉಳಿದಿಲ್ಲ, ಇನ್ನೊಬ್ಬರ ಕಥೆ ಕದ್ದು ತನ್ನದೆಂದು ಒಪ್ಪಿಸುವ ಹೊತ್ತು ಬಂದಿದೆ. ಅಂಥ ಹೊತ್ತಿನಲ್ಲಿ, ಲೋಕದಲ್ಲಿ ತನ್ನನ್ನು ಪೂರ್ತಿ ನಂಬಿದ್ದ ಒಬ್ಬನೇ ಒಬ್ಬ ಕೇಳುಗ ತನ್ನ ಹೆಸರನ್ನು ಹೊತ್ತುಕೊಂಡು, ತಾನು ಹೋಗಬೇಕಿದ್ದ ಜಾಗಕ್ಕೆ ಹೋಗಿ ಕೂತಿದ್ದಾನೆ. ಅವಳ ಬಾಳಿನಲ್ಲಿ ‘ನನ್ನದು’ ಎನ್ನಲು ಉಳಿದಿದ್ದದ್ದು ಆ ಹೆಸರು ಮತ್ತು ಆ ಕೇಳುಗ, ಎರಡೇ. ಎರಡೂ ಒಟ್ಟಿಗೇ ಹೋದವು. ಹುಡುಗನಿಗೆ ಇದ್ಯಾವುದೂ ಹೊಳೆದೇ ಇಲ್ಲ.

‘ಟಾಕ್ಸಿಕ್’ ಗೆಳೆತನ ಎಂದು ಈಗ ಎಲ್ಲರ ಬಾಯಲ್ಲಿ ಓಡಾಡುವ ಮಾತಿನಿಂದ ಈ ಸಂಬಂಧವನ್ನು ಅಳೆದರೆ ತೀರ್ಪು ಸುಲಭ: ಮಿಯು ಕೆಟ್ಟವಳು, ಕೊನೋಹಾ ಪಾಪದವನು. ಚಿತ್ರ ಅದಕ್ಕೆ ಬೇಕಾದಷ್ಟು ಪುರಾವೆಯನ್ನೂ ಒದಗಿಸುತ್ತದೆ. ಆಸ್ಪತ್ರೆಯಲ್ಲಿ ಊರುಗೋಲು ಹಿಡಿದು ಮತ್ತೆ ಎದುರಾಗುವ ಮಿಯು ಮಾತಿನಲ್ಲಿ ಜೇನು ಸುರಿಸುತ್ತ ಅವನನ್ನು ಉಳಿದವರಿಂದ ಒಬ್ಬೊಬ್ಬರಾಗಿ ಕಡಿದುಹಾಕುತ್ತಾಳೆ. ಸುಳ್ಳು ಹೇಳುತ್ತಾಳೆ, ಅಳುತ್ತಾಳೆ, ತನ್ನ ಮೈಯ ಗಾಯವನ್ನೇ ಆಯುಧ ಮಾಡಿಕೊಳ್ಳುತ್ತಾಳೆ. ಆದರೆ ಚಿತ್ರದ ಒಳ್ಳೆಯ ಗಳಿಗೆಗಳು ಈ ಸುಲಭದ ತೀರ್ಪಿಗೆ ಒಗ್ಗುವುದಿಲ್ಲ. ಕೊನೋಹಾನ ಭಕ್ತಿಯಲ್ಲೂ ವಿಷವಿತ್ತು. ಅವನು ದಿನವೂ ಕಥೆ ಕೇಳಿದ, ಕಣ್ಣರಳಿಸಿದ, ಇನ್ನೊಂದು ಹೇಳು ಎಂದ. ಆ ಕಥೆಗಳು ಯಾವ ಮನೆಯಿಂದ, ಯಾವ ಉಸಿರುಗಟ್ಟುವ ಜಗಳದ ನಡುವಿನಿಂದ ಎದ್ದು ಬರುತ್ತಿವೆಯೆಂದು ಒಮ್ಮೆಯೂ ಕೇಳಲಿಲ್ಲ. ಅವಳಿಗೆ ಬತ್ತಿಹೋಗಲು ಅವನು ಅವಕಾಶವನ್ನೇ ಕೊಡಲಿಲ್ಲ. ಆರಾಧಿಸುವ ಓದುಗನಷ್ಟು ನಿರ್ದಯಿ ಇನ್ನೊಬ್ಬನಿಲ್ಲ ಎಂಬುದು ಒಂದೇ ಒಂದು ಪುಸ್ತಕ ಬರೆದು ಹೆಸರಾದವರಿಗೆ ಗೊತ್ತಿರುತ್ತದೆ.

ಹಾಗಾಗಿ ಚಿತ್ರದಲ್ಲಿ ಓದುಗರು ಇಬ್ಬರು. ಒಬ್ಬಳು ಕಾಗದವನ್ನೇ ತಿನ್ನುವ ತೋಕೋ ಅಮಾನೊ. ನಾವು ತಿನ್ನುವ ಅನ್ನಾಹಾರದ ರುಚಿ ಅವಳ ನಾಲಗೆಗೆ ಹತ್ತದು. ಕಥೆಯೇ ಅವಳ ಊಟ, ಒಂದೊಂದು ಪುಸ್ತಕಕ್ಕೆ ಒಂದೊಂದು ರುಚಿ. ಇನ್ನೊಬ್ಬ, ಕಾಗದ ಮುಟ್ಟದೆ ಮನುಷ್ಯಳನ್ನೇ ತಿಂದುಹಾಕಿದ ಕೊನೋಹಾ. ಇಬ್ಬರ ಹಸಿವನ್ನು ಎದುರುಬದುರು ಇಟ್ಟು ನೋಡಿದಾಗಲೇ ತೋಕೋಳ ಆ ವಿಚಿತ್ರ ಊಟಕ್ಕೆ ಅರ್ಥ ಬರುವುದು. ಅವಳು ಕಥೆ ಕೇಳುವ ಕ್ರಮ ನೋಡಿ. ಮೂರು ಪದ ಕೊಡುತ್ತಾಳೆ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿಯುತ್ತಾಳೆ, ಐವತ್ತು ನಿಮಿಷದೊಳಗೆ ಬರೆ ಎನ್ನುತ್ತಾಳೆ. ಸಭಿಕರು ಕೊಟ್ಟ ಮೂರು ಪದ ಹಿಡಿದು ಸ್ಥಳದಲ್ಲೇ ಕಥೆ ಕಟ್ಟುವುದು ಜಪಾನಿನ ರಾಕುಗೋ ಕಥನಕಾರರ ಹಳೆಯ ಕಸರತ್ತು. ಅವಧಾನದಲ್ಲಿ ದತ್ತಪದಿ ಕೇಳಿದವರಿಗೆ ತಟ್ಟನೆ ಹಿಡಿಸುವ ಆಟ. ಹುಡುಗ ಬೇಕೆಂದೇ ಎಡವಟ್ಟು ಕಥೆ ಬರೆದುಕೊಟ್ಟರೆ ಅವಳು ಮುಖ ಹಿಂಡುತ್ತಾಳೆ, ಗೋಳಾಡುತ್ತಾಳೆ, ಆದರೂ ಕೊನೆಯ ಚೂರಿನವರೆಗೆ ತಿಂದು ಮುಗಿಸುತ್ತಾಳೆ. ನಾಳೆಗೆ ಆ ಕಥೆ ಇರುವುದಿಲ್ಲ. ಅಚ್ಚಾಗುವುದಿಲ್ಲ, ಪ್ರಶಸ್ತಿಗೆ ಹೋಗುವುದಿಲ್ಲ, ಯಾರ ಹೆಸರನ್ನೂ ಹೊರುವುದಿಲ್ಲ. ಬರೆದು ಸುಟ್ಟುಕೊಂಡ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಮದ್ದು ಇದ್ದೀತೇ? ತಾನು ಬರೆಯುತ್ತಿದ್ದೇನೆಂಬುದೇ ಅರಿವಿಗೆ ಬಾರದಂತೆ ಅವನು ಮತ್ತೆ ಬರೆಯತೊಡಗಿರುತ್ತಾನೆ. ಇಡೀ ಚಿತ್ರದಲ್ಲಿ ನನಗೆ ತುಂಬ ಹಿಡಿಸಿದ ಯೋಚನೆ ಇದು. ಇದನ್ನು ಚಿತ್ರ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ, ಪುಣ್ಯಕ್ಕೆ.

ಬಾಯಿಬಿಟ್ಟು ಹೇಳುವುದು ಬೇರೆಡೆ ಬರುತ್ತದೆ. ಅಲ್ಲಿಗೆ ಬರುವ ಮೊದಲು ಮಿಯಾಜಾವಾನ ಕಥೆ. ಬಡ ಹುಡುಗ ಜಿಯೊವಾನಿ ಶಾಲೆ ಮುಗಿಸಿ ಅಚ್ಚುಕೂಟದಲ್ಲಿ ಮೊಳೆ ಆಯ್ದು ನಾಲ್ಕು ಕಾಸು ಸಂಪಾದಿಸುತ್ತಾನೆ. ಮನೆಯಲ್ಲಿ ಕಾಯಿಲೆಯ ತಾಯಿ, ದೂರ ಹೋದ ತಂದೆ, ಶಾಲೆಯಲ್ಲಿ ಹಂಗಿಸುವ ಹುಡುಗರು. ಹಂಗಿಸದವನೆಂದರೆ ಗೆಳೆಯ ಕಂಪನೆಲ್ಲಾ. ಹಬ್ಬದ ರಾತ್ರಿ ಗುಡ್ಡದ ಮೇಲೆ ಒಂಟಿಯಾಗಿ ಮಲಗಿದ್ದವನು ಕಣ್ಣುಬಿಟ್ಟರೆ ನಕ್ಷತ್ರಗಳ ನಡುವೆ ಓಡುವ ರೈಲಿನಲ್ಲಿದ್ದಾನೆ, ಎದುರಿಗೆ ಕಂಪನೆಲ್ಲಾ. ಎಲ್ಲಿಯವರೆಗಾದರೂ ಜೊತೆಯಾಗಿ ಹೋಗೋಣವೆಂದು ಜಿಯೊವಾನಿ ಕೇಳಿ ತಿರುಗುವಷ್ಟರಲ್ಲಿ ಎದುರಿನ ಆಸನ ಖಾಲಿ. ಎಚ್ಚರಾದಾಗ ತಿಳಿಯುತ್ತದೆ, ನೀರಿಗೆ ಬಿದ್ದ ಸಹಪಾಠಿಯನ್ನು ಉಳಿಸಲು ಹೋಗಿ ಕಂಪನೆಲ್ಲಾ ಮುಳುಗಿಹೋಗಿದ್ದಾನೆ.

ಈ ಕಂಪನೆಲ್ಲಾ ಯಾರು? ಕವಿ ಮಿಯಾಜಾವಾನ ತಂಗಿ, 1922ರಲ್ಲಿ ತೀರಿಕೊಂಡ ತೋಶಿ ಎಂದು ಕೆಲವರು. ಕಾನಾಯಿ ಹೊಸಾಕಾ ಎಂದು ಇನ್ನು ಕೆಲವರು. ಮೊರಿಯೊಕಾದ ಕೃಷಿ ಕಾಲೇಜಿನಲ್ಲಿ ಕೆಂಜಿಗೆ ಸಿಕ್ಕ ಗೆಳೆಯ ಹೊಸಾಕಾ. 1917ರಲ್ಲಿ ಗೆಳೆಯರು ಸೇರಿ ‘ಅಜಾಲಿಯಾ’ ಎಂಬ ಪುಟ್ಟ ಪತ್ರಿಕೆ ತಂದರು; ಅದರಲ್ಲಿ ಬರೆದದ್ದು ಅಧಿಕಾರಿಗಳಿಗೆ ಕಣ್ಣುರಿ ತಂದು ಮರುವರ್ಷ ಹೊಸಾಕಾನನ್ನು ಕಾಲೇಜಿನಿಂದ ಹೊರಹಾಕಲಾಯಿತು. ಕೆಂಜಿ ನಿಚಿರೆನ್ ಬೌದ್ಧ ಪಂಥದ ಕಟ್ಟಾ ಅನುಯಾಯಿಯಾದ. ಗೆಳೆಯನೂ ಅದೇ ದಾರಿಗೆ ಬರಲೇಬೇಕೆಂದು ಪತ್ರದ ಮೇಲೆ ಪತ್ರ ಬರೆದು ಕಾಡಿದ. ಹೊಸಾಕಾ ಒಪ್ಪಲಿಲ್ಲ. 1921ರ ಹೊತ್ತಿಗೆ ಇಬ್ಬರ ದಾರಿ ಬೇರೆಯಾಯಿತು. ಕೊನೆಯವರೆಗೂ ಜೊತೆಯಾಗಿರೋಣವೆಂಬ ಜಿಯೊವಾನಿಯ ಬೇಡಿಕೆಯ ಹಿಂದೆ ಇಂಥ ಒಂದು ಒತ್ತಾಯವಿದೆಯೆಂದು ಗೊತ್ತಾದಾಗ ಆ ಮಕ್ಕಳ ಕಥೆ ಬೇರೆಯೇ ಬಣ್ಣಕ್ಕೆ ತಿರುಗುತ್ತದೆ. ಬಲವಂತದಿಂದ ಗೆಳೆಯನನ್ನು ಉಸಿರುಗಟ್ಟಿಸಿದವನು ಅದನ್ನು ಬರೆದ. ಸಂತನಲ್ಲ, ತಪ್ಪು ಮಾಡಿದ ಗೆಳೆಯ. ಮಿಯು ಮತ್ತು ಕೊನೋಹಾರಿಗೆ ಈ ಕಥೆಯನ್ನೇ ಕನ್ನಡಿಯಾಗಿ ಹಿಡಿದದ್ದು ನೊಮುರಾ ಅವರ ಜಾಣ ಆಯ್ಕೆ. ಇಬ್ಬರಲ್ಲಿ ಜಿಯೊವಾನಿ ಯಾರು, ಕಂಪನೆಲ್ಲಾ ಯಾರು ಎಂಬುದು ಕಥೆ ಸಾಗಿದಂತೆ ಅದಲುಬದಲಾಗುತ್ತ ಹೋಗುತ್ತದೆ.

ಇಷ್ಟು ಗಟ್ಟಿಯಾದ ನೆಲದ ಮೇಲೆ ನಿಂತ ಚಿತ್ರ ತಾರಾಲಯದ ದೃಶ್ಯದಲ್ಲಿ ಜಾರುತ್ತದೆ. ಗುಮ್ಮಟದ ತುಂಬ ನಕ್ಷತ್ರ. ಅವುಗಳ ಕೆಳಗೆ ನಿಂತು ತೋಕೋ ಮಿಯಾಜಾವಾನ ಕಥೆಯ ಎಳೆ ಹಿಡಿದು ಇಬ್ಬರ ಗಂಟನ್ನೂ ಬಿಡಿಸುತ್ತಾಳೆ. ಯಾರು ಯಾರಿಂದ ಏನು ಬಯಸಿದರು, ಯಾರ ನೋವಿಗೆ ಯಾವುದು ಬೇರು, ಎಲ್ಲವನ್ನೂ ವಿವರಿಸುತ್ತಾಳೆ. ನೋಡಲು ಚೆಂದ, ತೋಕೋ ಪಾತ್ರಕ್ಕೆ ಮಾತಾಡಿದ ಕಾನಾ ಹನಾಜಾವಾ ಅವರ ದನಿಯೂ ಸೊಗಸು. ಆದರೆ ಅಷ್ಟುದ್ದಕ್ಕೂ ಅಡ್ಡಡ್ಡವಾಗಿ, ತೊಡಕಾಗಿ, ನಿಜವಾಗಿ ಬೆಳೆದು ಬಂದ ಮಿಯು ಅಲ್ಲಿ ತರಗತಿಯಲ್ಲಿ ಕೂತ ವಿದ್ಯಾರ್ಥಿನಿಯಾಗಿಬಿಡುತ್ತಾಳೆ. ಅವಳ ಕೋಪ ಉಪನ್ಯಾಸ ಕೇಳಿ ಕರಗುವ ಜಾತಿಯದಾಗಿರಲಿಲ್ಲ.

ಇದರಲ್ಲೊಂದು ವಿಪರ್ಯಾಸವಿದೆ. 1924ರ ಸುಮಾರಿಗೆ ಶುರುಮಾಡಿದ ಆ ಕಥೆಯನ್ನು ಕೆಂಜಿ 1933ರಲ್ಲಿ ಮೂವತ್ತೇಳನೆಯ ವಯಸ್ಸಿಗೆ ತೀರಿಕೊಳ್ಳುವವರೆಗೂ ತಿದ್ದುತ್ತಲೇ ಇದ್ದ. ಅಚ್ಚಾದದ್ದು ಅವನು ಹೋದ ಮರುವರ್ಷ. ಉಳಿದಿರುವ ಹಿಂದಿನ ಕರಡುಗಳಲ್ಲಿ ಬುಲ್ಕಾನಿರೋ ಎಂಬ ಪ್ರೊಫೆಸರ್ ಒಬ್ಬನಿದ್ದಾನೆ. ಹುಡುಗ ಕಂಡದ್ದರ ಅರ್ಥವೇನು, ಮುಂದೆ ಹೇಗೆ ಬಾಳಬೇಕು ಎಂದು ತಿಳಿಹೇಳುವುದು ಅವನ ಕೆಲಸ. ಕೊನೆಯ ಕರಡಿನಲ್ಲಿ ಕೆಂಜಿ ಆ ಪ್ರೊಫೆಸರನನ್ನು ಪೂರ್ತಿ ಕಿತ್ತುಹಾಕಿದ. ಜಿಯೊವಾನಿಗೆ ಈಗ ಸಮಾಧಾನ ಹೇಳುವವರಿಲ್ಲ. ಮಗ ಬದುಕಿಲ್ಲವೆಂದು ಗಡಿಯಾರ ನೋಡಿ ಹೇಳುವ ಕಂಪನೆಲ್ಲಾನ ತಂದೆಯ ಎದುರು ಸುಮ್ಮನೆ ನಿಂತು, ತಾಯಿಗೆ ಹಾಲು ಒಯ್ಯಲು ಮನೆಗೆ ಓಡುತ್ತಾನೆ. ಕವಿ ವರ್ಷಗಟ್ಟಲೆ ತಿದ್ದಿ ಹೊರಗಟ್ಟಿದ ಆ ಪ್ರೊಫೆಸರನಿಗೆ ಚಿತ್ರ ಎರಡು ಜಡೆ ಹಾಕಿ ತಾರಾಲಯಕ್ಕೆ ಕರೆತಂದಿದೆ.

ಇದೇ ಹಾದಿಯಲ್ಲಿ ಎಂಟು ವರ್ಷ ಬಿಟ್ಟು ಬಂದ ಇನ್ನೊಂದು ಚಿತ್ರ ನೆನಪಾಗುತ್ತದೆ: ಕ್ಯೋತೊ ಆನಿಮೇಷನ್ ತಯಾರಿಸಿ, ನವೊಕೊ ಯಮಾದಾ ನಿರ್ದೇಶಿಸಿದ ‘ಲಿಜ್ ಅಂಡ್ ದ ಬ್ಲೂ ಬರ್ಡ್’. ಅಲ್ಲಿಯೂ ಒಬ್ಬಳನ್ನೇ ಉಸಿರಾಡುವ ಗೆಳತಿ, ಅಲ್ಲಿಯೂ ಇಬ್ಬರಿಗೂ ಕನ್ನಡಿಯಾಗುವ ಒಂದು ಪುಸ್ತಕ. ಓಬೋ ನುಡಿಸುವ ಮಿಜೋರೆ ತನ್ನನ್ನು ಆ ಪುಸ್ತಕದ, ಹಕ್ಕಿಯನ್ನು ಬಿಟ್ಟುಕೊಡಲಾರದ ಲಿಜ್ ಎಂದುಕೊಂಡಿರುತ್ತಾಳೆ. ಹಕ್ಕಿ ತಾನೇ ಎಂದು ತಿಳಿದ ಮೇಲೆ ಅದನ್ನು ಗೆಳತಿಗೆ ವಿವರಿಸುವುದಿಲ್ಲ, ವಾದ್ಯವೆತ್ತಿ ನುಡಿಸುತ್ತಾಳೆ. ಜೊತೆಗೆ ಕೊಳಲು ಹಿಡಿದ ನೊಜೊಮಿಗೆ ತನ್ನ ಅಳತೆ ಆ ಒಂದು ನುಡಿಸಾಣಿಕೆಯಲ್ಲಿ ಗೊತ್ತಾಗಿಹೋಗುತ್ತದೆ. ಪ್ರತಿಭೆಯ ಅಂತರ ಗೆಳೆತನವನ್ನು ಸೀಳುವ ಪರಿಯನ್ನು ಹೇಳುವುದರಲ್ಲಿ ಯಮಾದಾ ಅವರ ಕೈ ಮೇಲು, ಅನುಮಾನವಿಲ್ಲ. ಆದರೂ ಮಿಯುವಿನಷ್ಟು ಕಹಿಯಾದ, ಅಷ್ಟು ಸಿಟ್ಟಿನ, ನೋಡುವವರ ಮೆಚ್ಚುಗೆಗಾಗಿ ಹಲ್ಲು ಗಿಂಜದ ಪಾತ್ರ ಆ ನಯವಾದ ಚಿತ್ರದಲ್ಲಿಲ್ಲ.

ತೋಕೋ ಕೊನೆಗೆ ಊರು ಬಿಟ್ಟು ಹೋಗುತ್ತಾಳೆ. ಓದು ಮುಗಿಯಿತು, ಕಾಲೇಜಿಗೆ ದೂರದ ಊರು, ರೈಲು. ಹುಡುಗ ತಡೆಯಲು ಓಡಿ ಬರುತ್ತಾನೆ. ತನ್ನ ಕೊರಳಿನ ಬಿಳಿ ಮಫ್ಲರ್ ಅವನಿಗೆ ಸುತ್ತಿ, ಜೊತೆಗೆ ಬರಗೊಡದೆ ಹೊರಟುಬಿಡುತ್ತಾಳೆ. ಇದು ಅಳಿಸಲೆಂದೇ ಮಾಡಿದ ದೃಶ್ಯವೆಂದು ದೂರುವವರಿದ್ದಾರೆ. ನನಗೆ ಇದು ಚಿತ್ರದ ಒಳತರ್ಕಕ್ಕೆ ಸರಿಯಾಗಿ ಕೂರುವ ನಡೆಯೆನಿಸುತ್ತದೆ. ಮಿಯುವನ್ನು ಕಳೆದುಕೊಂಡವನು ತೋಕೋಳನ್ನು ಅದೇ ಪೀಠದ ಮೇಲೆ ಕೂರಿಸಲು ಆಗಲೇ ಅಣಿಯಾಗಿದ್ದ. ಒಬ್ಬಳಿಗಾಗಿ ಮಾತ್ರ ಬರೆಯುವ ಚಟ ಮತ್ತೆ ಹತ್ತಿತ್ತು. ಅದನ್ನು ಕಂಡವಳು, ಇನ್ನು ನಿನ್ನ ಊಟ ಬೇಡವೆಂದು ಎದ್ದಳು. ತಾರಾಲಯದಲ್ಲಿ ಅಷ್ಟು ಮಾತಾಡಿದವಳು ಇಲ್ಲಿ ಕಾರಣ ಕೊಡುವುದಿಲ್ಲ.

ಉಳಿದದ್ದು ನಾನಾಸೆ ಕೊತೊಬುಕಿಯ ಅಳಲು. ಕೊನೋಹಾನನ್ನು ಮೆಚ್ಚಿದ, ಸಿಡುಕು ಮೋರೆಯ ಸಹಪಾಠಿ. ಮಿಯುವಿಗೆ ಎದುರು ನಿಂತು ಜಗಳವಾಡುವ ಧೈರ್ಯ ಇಡೀ ಬಳಗದಲ್ಲಿ ಅವಳೊಬ್ಬಳಿಗೇ ಇತ್ತು, ಅದೂ ತಾನೇ ಆಸ್ಪತ್ರೆಯ ಹಾಸಿಗೆ ಹಿಡಿದ ಹೊತ್ತಿನಲ್ಲಿ. ಅವಳು ಕಥೆ ತಿನ್ನುವವಳಲ್ಲ, ಕಥೆ ಹೇಳುವವಳಲ್ಲ, ಯಾವ ಮಹಾಕೃತಿಯ ಪಾತ್ರಕ್ಕೂ ಹೊಂದುವವಳಲ್ಲ. ಬರಹ ತಿಳಿಯದೆಯೂ ಬರೆದವನನ್ನು ಇಷ್ಟಪಡಬಹುದೆಂದು ತೋರಿಸುವ ಒಂದೇ ಒಂದು ಪಾತ್ರ. ಸಾಹಿತ್ಯದ ಗುಂಗಿನಲ್ಲಿರುವ ಚಿತ್ರ ಅವಳಿಗೆ ಒಂದೆರಡು ಒಳ್ಳೆಯ ದೃಶ್ಯ ಕೊಟ್ಟು ಪಕ್ಕಕ್ಕೆ ಸರಿಸಿಬಿಟ್ಟಿದೆ, ಕೊನೋಹಾ ಮಾಡಿದ ಹಾಗೆಯೇ.