ಪಾಕದ ಹದ ಮತ್ತು ಪರೀಕ್ಷೆಯ ಅಂಕ: ಪದವಿ ರಸಾಯನಶಾಸ್ತ್ರದ ಮೌಲ್ಯಮಾಪನ ಕುರಿತು

ಜ್ಞಾನವನ್ನು ಅಳೆಯುವ ಕ್ರಮವು ಯಾವುದನ್ನು ಜ್ಞಾನವೆಂದು ಒಪ್ಪಬೇಕು ಎಂಬುದನ್ನೂ ನಿರ್ಧರಿಸುತ್ತದೆ. ಕಸುಬಿನ ತಿಳಿವಳಿಕೆಯನ್ನು ದಾಖಲಿಸುವ ಜಾನಪದ ಅಧ್ಯಯನಕಾರರಿಗೆ ಪರಿಚಿತವಾದ ಈ ಮಾತನ್ನು ಪದವಿ ತರಗತಿಯ ರಸಾಯನಶಾಸ್ತ್ರಕ್ಕೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಬಿ.ಎಸ್ಸಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಟೈಟ್ರೇಷನ್ ಚಿರಪರಿಚಿತ. ಫಿನಾಲ್ಫ್ತಲೀನ್ ಬೆರೆಸಿದ ಆಮ್ಲಕ್ಕೆ ಕ್ಷಾರವನ್ನು ಹನಿಹನಿಯಾಗಿ ಬಿಟ್ಟು, ತಿಳಿ ಗುಲಾಬಿ ಬಣ್ಣ ನೆಲೆನಿಂತ ಘಟ್ಟವನ್ನು ಗುರುತಿಸಬೇಕು. ಪರೀಕ್ಷಿಸಬೇಕಾದುದು ಆ ಘಟ್ಟವನ್ನು ಕಾಣುವ ಕಣ್ಣನ್ನು, ಹನಿಯನ್ನು ತಡೆಯುವ ಕೈಯನ್ನು. ಆದರೆ ಅಂಕ ಸಲ್ಲುವುದು ಬಹುಮಟ್ಟಿಗೆ ನಿರೀಕ್ಷಿತ ಉತ್ತರಕ್ಕೆ ಸಮೀಪವಾದ ಸಂಖ್ಯೆಗೆ. ಉತ್ತರ ಮೊದಲೇ ತಿಳಿದಲ್ಲಿ ಬ್ಯೂರೆಟ್ಟಿನ ಅಳತೆಯನ್ನು ಅದಕ್ಕೆ ಹೊಂದಿಸಿ ಬರೆಯುವ ಆಮಿಷ ಸಹಜ. ಪ್ರಾಮಾಣಿಕವಾಗಿ ದಾಖಲಿಸಿದ ವ್ಯತ್ಯಾಸ ಅಂಕ ಕಳೆದುಕೊಳ್ಳುತ್ತದೆ. ತಿದ್ದಿದ ನಿಖರತೆ ಅಂಕ ಗಳಿಸುತ್ತದೆ.

ಲಿಖಿತ ಪರೀಕ್ಷೆಯ ಸ್ಥಿತಿಯೂ ಭಿನ್ನವಲ್ಲ. ಅಮೆರಿಕದ ಸೂಸನ್ ನುರೆನ್‌ಬರ್ನ್ ಮತ್ತು ಮೈಲ್ಸ್ ಪಿಕರಿಂಗ್ 1987ರಲ್ಲಿ ಪ್ರಕಟಿಸಿದ ಅಧ್ಯಯನವು, ಅನಿಲ ನಿಯಮಗಳ ಲೆಕ್ಕವನ್ನು ಬಿಡಿಸಬಲ್ಲ ಅನೇಕ ವಿದ್ಯಾರ್ಥಿಗಳು ಅದೇ ಅನಿಲದ ಕಣಗಳ ಚಿತ್ರವನ್ನು ಗುರುತಿಸುವಲ್ಲಿ ಎಡವಿದುದನ್ನು ತೋರಿಸಿತು. ಕಣ್ಣಿಗೆ ಕಾಣುವ ವಿದ್ಯಮಾನ, ಕಾಣದ ಕಣಗಳು, ಸಂಕೇತಗಳು ಎಂಬ ಮೂರು ಸ್ತರಗಳಲ್ಲಿ ರಸಾಯನಶಾಸ್ತ್ರ ಒಮ್ಮೆಲೇ ನಡೆಯುತ್ತದೆಂದು ಅಲೆಕ್ಸ್ ಜಾನ್‌ಸ್ಟನ್ 1991ರಲ್ಲಿ ವಿವರಿಸಿದರು. ನಮ್ಮ ಪ್ರಶ್ನೆಪತ್ರಿಕೆಗಳು ಹೆಚ್ಚಾಗಿ ನೆಚ್ಚುವುದು ಮೂರನೆಯದನ್ನು ಮಾತ್ರ. 2019ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಮೌಲ್ಯಮಾಪನ ಸುಧಾರಣೆಯ ದಾಖಲೆಯನ್ನು ಹೊರತಂದು ಕಲಿಕೆಯ ಫಲಿತಗಳಿಗೆ ಒತ್ತು ನೀಡಿತು. ಆದರೆ ಪಠ್ಯಕ್ರಮದ ಕ್ರಿಯಾಪದಗಳು ಬದಲಾಗಿ ಪ್ರಶ್ನೆ ಹಳೆಯದೇ ಉಳಿದರೆ ಫಲಿತದ ಕೋಷ್ಟಕ ತುಂಬುತ್ತದೆಯೇ ಹೊರತು ಕಲಿಕೆ ಗೋಚರಿಸುವುದಿಲ್ಲ.

ಈ ಹಿನ್ನೆಲೆಯಲ್ಲಿ ಮಂಡ್ಯ ಸೀಮೆಯ ಆಲೆಮನೆಯನ್ನು ಗಮನಿಸಬಹುದು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಸುಣ್ಣ ಹಾಕಿ, ಕೊಳೆಯನ್ನು ತೆಗೆದು, ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಅದು ಉಂಡೆಗಟ್ಟುವುದನ್ನು ಬೆರಳಿನಿಂದ ಪರೀಕ್ಷಿಸುತ್ತಾರೆ. ಇಲ್ಲಿ ಪರೀಕ್ಷೆ ಕೆಲಸದ ಒಳಗೇ ಇದೆ. ತೀರ್ಪು ತಪ್ಪಿದರೆ ಬೆಲ್ಲವೇ ಅದನ್ನು ಹೇಳುತ್ತದೆ. ಕಲಿಯುವವನಿಗೆ ಹದವನ್ನು ತಿದ್ದಿ ಬರೆಯುವ ಅವಕಾಶವಿಲ್ಲ.

ಆದರೆ ಈ ಪರಂಪರೆಯನ್ನು ವೈಭವೀಕರಿಸುವುದೂ ಸಲ್ಲದು. ಹದ ಬಂದಿತೇ ಎಂಬ ಪ್ರಶ್ನೆಗೆ ಆಲೆಮನೆ ಉತ್ತರಿಸುತ್ತದೆ. ಏಕೆ ಬಂದಿತು ಎಂಬುದನ್ನು ಕೇಳುವುದಿಲ್ಲ. ಆಮ್ಲೀಯ ರಸದಲ್ಲಿ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುವುದನ್ನು ಸುಣ್ಣ ತಗ್ಗಿಸುತ್ತದೆ ಎಂಬ ವಿವರಣೆ ರಸಾಯನಶಾಸ್ತ್ರದ ಕೊಡುಗೆ. ಒಂದು ಕೈಯನ್ನು ಪರೀಕ್ಷಿಸಿ ಕಾರಣವನ್ನು ಬಿಡುತ್ತದೆ. ಇನ್ನೊಂದು ಕಾರಣದ ಸಂಕೇತವನ್ನು ಪರೀಕ್ಷಿಸಿ ಕೈಯನ್ನು ಬಿಡುತ್ತದೆ.

ಈ ಕೊರತೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಕೃಷಿಕ ಕುಟುಂಬದ ವಿದ್ಯಾರ್ಥಿನಿ ಪಾಕದ ಹದವನ್ನು ಬಲ್ಲವಳಾಗಿರಬಹುದು. ಆದರೆ ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸುವ ಪರೀಕ್ಷೆಯಲ್ಲಿ ಆ ಅರಿವಿಗೆ ಜಾಗವಿಲ್ಲ. ಅವಳು ದಡ್ಡಳೆನಿಸಿಕೊಳ್ಳುವುದು ರಸಾಯನಶಾಸ್ತ್ರ ತಿಳಿಯದೆ ಅಲ್ಲ, ತಿಳಿದುದನ್ನು ಯಾರೂ ಕೇಳದೆ.

ಆದ್ದರಿಂದ ಮೂರು ಬದಲಾವಣೆಗಳು ಅಗತ್ಯ. ಮೊದಲನೆಯದಾಗಿ, ಪ್ರಯೋಗದ ಅಳತೆಗಳ ನಡುವಣ ವ್ಯತ್ಯಾಸವನ್ನು ವಿದ್ಯಾರ್ಥಿಯೇ ವಿವರಿಸಬೇಕು, ಆ ವಿವರಣೆಗೆ ಅಂಕವಿರಬೇಕು. ಎರಡನೆಯದಾಗಿ, ಕಣಗಳ ಚಿತ್ರ ಬಿಡಿಸುವ ಪ್ರಶ್ನೆ ಲೆಕ್ಕದ ಜೊತೆಗಿರಬೇಕು. ಮೂರನೆಯದಾಗಿ, ಮೌಖಿಕ ಪರೀಕ್ಷೆಯಲ್ಲಿ ಕನ್ನಡದ ಉತ್ತರ ಸಮಾನವಾಗಿ ಸಲ್ಲಬೇಕು. ಅಂತಹ ಪರೀಕ್ಷೆಯಷ್ಟೇ ಕೈ, ಕಣ್ಣು, ಕಾರಣಗಳನ್ನು ಒಟ್ಟಿಗೆ ಅಳೆಯಬಲ್ಲದು.