ಬುಕ್ಕರಾಯನ ಶ್ರವಣಬೆಳಗೊಳ ಶಾಸನ: ಒಂದು ಪುನರ್ವಿಮರ್ಶೆ

ಕ್ರಿ.ಶ. 1368ರ ಶ್ರವಣಬೆಳಗೊಳದ ಶಾಸನವನ್ನು ಮತಸಹಿಷ್ಣುತೆಯ ನಿದರ್ಶನವೆಂದು ಪಠ್ಯಪುಸ್ತಕಗಳು ಕೊಂಡಾಡುತ್ತ ಬಂದಿವೆ. ಈ ಅಭಿಪ್ರಾಯವು ಸುಳ್ಳಲ್ಲ. ಆದರೆ ಶಾಸನವನ್ನು ಆದ್ಯಂತವಾಗಿ ಓದಿದವರಿಗೆ ಅದು ಅಪೂರ್ಣವೆಂದು ತೋರದಿರದು.

ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದವೊದಗಲು, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದೆಡೆಗಳ ಜೈನರು ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯವೂ ಕಲಶವೂ ಜೈನರಿಗೆ ಪೂರ್ವಮರ್ಯಾದೆಯಂತೆ ಸಲ್ಲತಕ್ಕುವೆಂದು ವಿಧಿಸಿದನು. ತೀರ್ಪಿನಲ್ಲಿ ತತ್ತ್ವವಿಚಾರದ ಗಂಧವೂ ಇಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಾಲ್ಕು ಜನರ ಕಣ್ಣಿಗೆ ಕಾಣುವ, ಕಿವಿಗೆ ಬೀಳುವ ಮರ್ಯಾದೆಯೇ ಇಲ್ಲಿ ನಿರ್ಣಯಕ್ಕೆ ಬಂದ ವಿಷಯ.

ವಿಧಿಯು ಸಾಮ್ಯವನ್ನು ಹೇಳುತ್ತದೆ. ಅದನ್ನು ಹೇಳುವ ಮಾತಾದರೋ ಬೇರೆ. ಶಾಸನವು ಆರಂಭವಾಗುವುದು ರಾಮಾನುಜರ ಸ್ತುತಿಯಿಂದ. ಅದೂ ಎಂತಹ ಸ್ತುತಿ! ಪಾಷಂಡರೆಂಬ ಸಾಗರಕ್ಕೆ ಅವರು ಬಡಬಾಗ್ನಿಯಂತೆ. ವೈಷ್ಣವರ ಬಾಯಲ್ಲಿ ಪಾಷಂಡರೆಂದರೆ ಜೈನರನ್ನೂ ಒಳಗೊಂಡ ಮಾತು. ಜೈನರ ರಕ್ಷಣಾಪತ್ರಕ್ಕೆ ಇಂತಹ ನಾಂದಿಯನ್ನು ಲಿಪಿಕಾರನ ಅಜಾಗ್ರತೆಯೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಅರಸನು ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿರಿಸಿದನೆಂಬ ವರ್ಣನೆಯೂ ಇದೇ ಜಾತಿಯದು. ಕನ್ಯೆಯನ್ನು ವರನಿಗೆ, ಅನಾಥ ಮಗುವನ್ನು ಬಂಧುವಿಗೆ ಒಪ್ಪಿಸುವಾಗ ನಮ್ಮಲ್ಲಿ ಕೈಹಿಡಿದು ಕೊಡುವುದುಂಟು. ಸರಿಸಮಾನರನ್ನು ಯಾರೂ ಹಾಗೆ ಒಪ್ಪಿಸುವುದಿಲ್ಲ. ಜೈನರ ಹಾನಿವೃದ್ಧಿಗಳನ್ನು ತಮ್ಮವೆಂದೇ ಬಗೆಯಬೇಕೆಂಬ ಕಟ್ಟಳೆಯಿಂದ ವೈಷ್ಣವರು ರಕ್ಷಕರಾದರು, ಜೈನರು ರಕ್ಷಿತರಾದರು.

ಈ ರಕ್ಷಣೆಗೆ ವೆಚ್ಚವೂ ಇತ್ತು. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ 1 ಹಣದಂತೆ ತೆರಬೇಕು. ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರ ಮೈಗಾವಲಿಗೆ 20 ಆಳುಗಳನ್ನಿಟ್ಟು, ಉಳಿದುದನ್ನು ಜೀರ್ಣಜಿನಾಲಯಗಳಿಗೆ ಸುಣ್ಣ ಬಳಿಸಲು ವಿನಿಯೋಗಿಸಬೇಕು. ಜೈನರ ಹಣ, ಜೈನರ ದೇವರು. ಮೇಲ್ವಿಚಾರಣೆ ಮಾತ್ರ ವೈಷ್ಣವನದು. ಇನ್ನೂ ಮುಖ್ಯವಾದುದೆಂದರೆ, ಊರೂರಿನಲ್ಲಿ ಚದುರಿದ್ದ ಒಕ್ಕಲುಗಳು ಒಂದೇ ತೆರಿಗೆಯ ಲೆಕ್ಕಕ್ಕೆ ಬಂದು, 'ಜೈನರು' ಎಂಬ ಒಂದೇ ಸಮುದಾಯವಾಗಿ ರಾಜ್ಯದ ದೃಷ್ಟಿಗೆ ಗೋಚರಿಸಿದುದು. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿಯಷ್ಟೇ ಅಲ್ಲ, ಸಂಘಸಮುದಾಯಗಳಿಗೂ ದ್ರೋಹಿಯೆಂಬ ಮಾತು ಈ ಗಣನೆಗೆ ಮುದ್ರೆಯೊತ್ತುತ್ತದೆ.

ಹಾಗೆಂದು ಜೈನರು ಕೈಕಟ್ಟಿ ನಿಂತಿದ್ದರೆಂದು ತಿಳಿಯಲಾಗದು. ಕಲ್ಲೆಹದ ಬುಸುವಿಸೆಟ್ಟಿಯು ರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನೆಂದೂ, ಉಭಯಸಮಯಗಳವರೂ ಕೂಡಿ ಅವನಿಗೆ ಸಂಘನಾಯಕಪಟ್ಟವನ್ನು ಕಟ್ಟಿದರೆಂದೂ ಶಾಸನದ ಕೊನೆಯ ಸಾಲುಗಳು ಹೇಳುತ್ತವೆ.